ಮಾಳಿಗೆ ಪಾರಿವಾಳದವನು ಆಗುಂಬೆ ಕಾಡಿಗೆ ಹೋದಾಗ

ಬಳ್ಳಾರಿಯಲ್ಲಿ ನಮ್ಮ ಮಾಳಿಗೆ ಮೇಲೆ ಹದಿನೆಂಟು ಪಾರಿವಾಳ ಇವೆ. ಅಪ್ಪನಿಂದ ಬಂದ ಹುಚ್ಚು. ಬೆಳಿಗ್ಗೆ ಒಂದು ಬೊಗಸೆ ಜೋಳ, ಒಂದು ಹಿಡಿ ಸಜ್ಜೆ ಎರಚಿದರೆ ಸಾಕು, ಕಾಲ ಮೇಲೇ ಬಂದು ಕೂರುತ್ತವೆ. ಹಾಗಾಗಿ ಪಾರಿವಾಳದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಅನ್ನೋ ಜಂಬ ಇತ್ತು.

ಪಶ್ಚಿಮಘಟ್ಟದ ಮಳೆಕಾಡಿನಲ್ಲಿ ಮೌಂಟನ್ ಇಂಪೀರಿಯಲ್ ಪಿಜನ್ ಅನ್ನೋ ದೊಡ್ಡ ಪಾರಿವಾಳ ಇದೆ ಅಂತ ಓದಿದ್ದೆ. ನಮ್ಮ ಪಾರಿವಾಳ 33 ಸೆಂ.ಮೀ. ಉದ್ದ ಇದ್ದರೆ ಅದು 45 ಸೆಂ.ಮೀ. ಆಸುಪಾಸು. ನೋಡಲೇಬೇಕು ಅನ್ನಿಸಿ ಮೇ ತಿಂಗಳಲ್ಲಿ ಹೊರಟೆ. ಅವ್ವ ಬೈದಳು. "ಮಾಳಿಗಿ ಮ್ಯಾಲ ಇಷ್ಟ್ ಪಾರಿವಾಳ ಅದಾವಲ್ಲೋ, ಅದನ್ನ ನೋಡಾಕ ಅಲ್ಲೀತನಕ ಹೋಗ್ಬೇಕಾ?"

ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ ಅಂತ ಬಸ್ಸು ಬದಲಿಸಿ ಆಗುಂಬೆ ಸೇರಿದೆ. ನಮ್ಮೂರಲ್ಲಿ ವರ್ಷಪೂರ್ತಿ ಬೀಳುವುದು 500 ಮಿ.ಮೀ. ಆಚೀಚೆ. ಅಲ್ಲಿ 7,000 ದಾಟುತ್ತದೆ. ಹಿಂದಿನ ದಿನವಷ್ಟೇ ಒಂದು ಮಳೆ ಬಿದ್ದಿತ್ತು, ರಕ್ತ ಹೀರುವ ಉಂಬಳಗಳು ನನಗೇ ಕಾದಿದ್ದವು.

ಮೊದಲ ದಿನ ಸುಮ್ನೆ ವ್ಯರ್ಥ. ಬೆಳಿಗ್ಗೆಯಿಂದ ಕತ್ತೆತ್ತಿ ನಿಂತೆ. ಮರ ಅಂದರೆ ಅವು ಮರ, ತುದಿಯೇ ಕಾಣಲ್ಲ. ಮೇಲೆಲ್ಲೋ "ಹೂಂ... ಹೂಂ..." ಅಂತ ದನಿ. ಖಾಲಿ ಕೊಡದ ಬಾಯಿಗೆ ಯಾರೋ ಊದಿದ ಹಾಗೆ. ಪಟಪಟ ರೆಕ್ಕೆ ಸದ್ದು ಕೇಳಿ ತಿರುಗುವಷ್ಟರಲ್ಲಿ ಬಾಲದ ತುದಿಯ ಮಾಸಲು ಪಟ್ಟಿ ಮಾತ್ರ ಕಂಡು ಮಾಯ. ಇನ್ನೊಂದು ಪೆದ್ದತನ ಹೇಳಲೇಬೇಕು. ಅಭ್ಯಾಸಬಲದಿಂದ ಜೇಬಿನಲ್ಲಿ ಜೋಳ ಇಟ್ಟುಕೊಂಡು ಹೋಗಿದ್ದೆ. ಜೊತೆಗೆ ಬಂದಿದ್ದ ಊರಿನ ಹಿರಿಯರು ಅದನ್ನು ನೋಡಿ ನಕ್ಕುಬಿಟ್ಟರು. "ಇದನ್ನ ಯಾರಿಗೆ ಹಾಕ್ತೀರಿ ಮಾರಾಯ್ರೆ, ಕೋಳಿಗಾ?"

ಕಾಳು ಆ ಕಾಡು ಪಾರಿವಾಳಕ್ಕೆ ಬೇಡವೇ ಬೇಡ. ಹಣ್ಣೇ ಊಟ. ಅದರಲ್ಲೂ ಮರದ ತುದಿಯ ಹಣ್ಣು.

ಮರುದಿನ ಅವರು ನನ್ನ ದುರ್ಬೀನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡರು. "ಮೇಲೆ ನೋಡಬೇಡಿ, ನೆಲ ನೋಡ್ತಾ ಬನ್ನಿ" ಅಂದರು. ಅರ್ಧ ಗಂಟೆ ತರಗೆಲೆ ತುಳಿದ ಮೇಲೆ ಒಂದು ಮರದ ಬುಡದಲ್ಲಿ ನಿಂತರು. ಎರಡು ಹೋಳಾಗಿ ಬಿರಿದ ಕಾಯಿಯ ಸಿಪ್ಪೆ, ನಡುವೆ ಕೆಂಪು ಬಲೆ ಸುತ್ತಿದ ಬೀಜ. ಕಾಡು ಜಾಯಿಕಾಯಿ. ಆ ಕೆಂಪು ಬಲೆಗೆ ಪತ್ರೆ ಅನ್ನುತ್ತಾರೆ. ಬೆರಳಲ್ಲಿ ಉಜ್ಜಿದರೆ ಘಾಟು ವಾಸನೆ. ಅದೇ ಮರದ ಎದುರು ಒಂದು ಬಂಡೆಗೆ ಒರಗಿ ಕೂತೆವು.

ಸುಮಾರು ಒಂದು ಗಂಟೆ ಕಳೆದಿರಬೇಕು. ಕೊಂಬೆ ಜಗ್ಗಿತು. ಬೂದಿ ಬಣ್ಣದ ತಲೆ, ಕಂದು ಬೆನ್ನು, ಕೆಂಪು ಕಾಲು. ಬಿರಿದ ಕಾಯಿಯೊಳಗಿಂದ ಬೀಜ ಕಿತ್ತಿತು. ಇದೇನು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಲ್ಲ ಅಂದುಕೊಂಡೆ. ಕತ್ತು ಚಾಚಿತು, ಬಾಯಿ ಅಗಲ ಆಯ್ತು, ಗುಳುಂ. ಕತ್ತಿನಲ್ಲಿ ಒಂದು ಉಂಡೆ ಇಳಿದದ್ದು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣಿಸಿತು. ಇನ್ನೊಂದು ನುಂಗಿ ಅಲ್ಲೇ ಮಂಕಾಗಿ ಕೂತಿತು, ಮದುವೆ ಊಟ ಉಂಡು ಜಗುಲಿ ಮೇಲೆ ಕೂತವರ ಹಾಗೆ.

ಅಲ್ಲಿಗೆ ನನ್ನ ಜಂಬ ಪೂರ್ತಿ ಇಳಿಯಿತು. ಮಾಳಿಗೆ ಪಾರಿವಾಳಗಳಿಗೆ ನಾನು ಸಣ್ಣ ಹರಳು, ಇಟ್ಟಿಗೆ ಪುಡಿ ಇಡುತ್ತೇನೆ. ಅವು ಹೊಟ್ಟೆಯಲ್ಲಿ ಆ ಹರಳಿನಿಂದಲೇ ಕಾಳನ್ನು ಅರೆಯುತ್ತವೆ. ಅಂದರೆ ನಮ್ಮವು ತಿಂದ ಬೀಜ ಸತ್ತಂತೆ. ಈ ಕಾಡು ಪಾರಿವಾಳ ಮೇಲಿನ ಪತ್ರೆಯನ್ನಷ್ಟೇ ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಇನ್ನೆಲ್ಲೋ ಬೀಳಿಸುತ್ತದೆ. ಇಷ್ಟು ದಪ್ಪ ಬೀಜ ನುಂಗಿ ಒಯ್ಯಲು ಆ ಕಾಡಿನಲ್ಲಿ ಮಂಗಟ್ಟೆ, ಇಂಥ ಪಾರಿವಾಳ ಬಿಟ್ಟರೆ ಹಕ್ಕಿಗಳು ಕಡಿಮೆ. ಮೊಟ್ಟೆಯ ಲೆಕ್ಕವೂ ಬೇರೆ. ನಮ್ಮಲ್ಲಿ ಜೋಡಿ ಮೊಟ್ಟೆ, ಅದಕ್ಕೆ ಸಾಮಾನ್ಯವಾಗಿ ಒಂದೇ.

ಆದರೂ ಮನೆತನ ಒಂದೇ. ಗಂಡು ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಹಾಲು ತಯಾರಿಸಿ ಮರಿಗೆ ಉಣಿಸುತ್ತವೆ. ಗೂಡು ಕಟ್ಟುವುದರಲ್ಲಿ ಎರಡೂ ಸೋಮಾರಿ, ನಾಲ್ಕು ಕಡ್ಡಿ ಅಡ್ಡ ಇಟ್ಟರೆ ಮುಗಿಯಿತು.

ಊರಿಗೆ ಬಂದ ಮೇಲೂ ನೆಲ ನೋಡುವ ಚಾಳಿ ಬಿಡಲಿಲ್ಲ. ಸಂಡೂರಿನ ಕಾಡಿಗೆ ಹೋದಾಗ ಒಂದು ಗೋಣಿ ಮರದ ಕೆಳಗೆ ಹಣ್ಣಿನ ಚೂರುಗಳು ಹಾಸಿದಂತೆ ಬಿದ್ದಿದ್ದವು. ಕೂತೆ. ಎಲೆ ಬಿಟ್ಟು ಏನೂ ಕಾಣಲಿಲ್ಲ, ಆದರೆ ಹಣ್ಣು ತಲೆ ಮೇಲೆ ಬೀಳುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಒಂದು ಎಲೆಗೆ ಹಳದಿ ಕಾಲು ಕಾಣಿಸಿತು. ಹಸಿರು ಪಾರಿವಾಳ! ಅದೂ ಹಣ್ಣಿನ ಹಕ್ಕಿಯೇ, ಆದರೆ ಬೀಜದ ವಿಷಯದಲ್ಲಿ ನಮ್ಮ ಮಾಳಿಗೆಯವುಗಳ ಕಡೆ. ಆಲ, ಗೋಣಿ ಹಣ್ಣಿನ ಬೀಜವನ್ನು ಬಹುಪಾಲು ಅರೆದುಬಿಡುತ್ತದೆ.

ಒಂದು, ಎರಡು, ಮೂರು ಅಂತ ಎಣಿಸಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಮರದಿಂದ ಹನ್ನೊಂದು ಹಾರಿದವು.