ಸಣ್ಣ ಟರ್ಕಿ, ಸ್ವಲ್ಪ ಹೊಗೆ

ಟೆಕ್ಸಸ್‌ನಲ್ಲಿ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರ ಬಂದರೆ ಟರ್ಕಿ ಕೋಳಿ ಅಗ್ಗ. ಎಲ್ಲರೂ 20 ಪೌಂಡಿನದಕ್ಕೆ ಕೈ ಹಾಕುತ್ತಾರೆ. ನಾನು ಮಾತ್ರ ಅಂಗಡಿಯ ಫ್ರೀಜರ್ ತಳದವರೆಗೂ ಕೆದಕಿ 10–12 ಪೌಂಡಿನದನ್ನು, ಅಂದರೆ ಸುಮಾರು 5 ಕಿಲೋದ್ದನ್ನು ಹುಡುಕುತ್ತೇನೆ. ಸಣ್ಣದು ಬೇಗ ಬೇಯುತ್ತದೆ, ಮಾಮೂಲಿ ಕೆಟಲ್ ಗ್ರಿಲ್‌ನಲ್ಲೇ, ಅಂದರೆ ಮುಚ್ಚಳವಿರುವ ದುಂಡನೆಯ ಇದ್ದಿಲೊಲೆಯಲ್ಲೇ, ಹಿಡಿಸುತ್ತದೆ. ಹೊಗೆಯಲ್ಲಿ ಬೇಯಿಸಲು ದೊಡ್ಡ ಸ್ಮೋಕರ್ ಒಲೆ ಕೊಳ್ಳಬೇಕಿಲ್ಲ.

ಗಟ್ಟಿಯಾದ ಟರ್ಕಿ ಫ್ರಿಜ್‌ನಲ್ಲಿ ಕರಗಲು ಮೂರು ದಿನ ಬೇಕು. ಶನಿವಾರ ಸಂಜೆಯ ಊಟಕ್ಕಾದರೆ ಮಂಗಳವಾರವೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ತೊಳೆಯುವುದೂ ಬೇಡ, ಸಿಂಕ್ ತುಂಬಾ ನೀರು ಸಿಡಿದು ಗಲೀಜು ಹರಡುತ್ತದೆ ಅಷ್ಟೆ. ಹೊಟ್ಟೆಯೊಳಗೆ ಕತ್ತು, ಲಿವರ್ ಇರುವ ಪೊಟ್ಟಣ ಇರುತ್ತದೆ, ಮರೆಯದೆ ತೆಗೆಯಿರಿ.

ಈಗ ಮುಖ್ಯ ಕೆಲಸ. ಹಕ್ಕಿಯನ್ನು ಬೋರಲು ಹಾಕಿ, ಗಟ್ಟಿ ಅಡುಗೆ ಕತ್ತರಿಯಿಂದ ಬೆನ್ನುಮೂಳೆಯ ಎರಡೂ ಬದಿ ಕತ್ತರಿಸುತ್ತಾ ಹೋಗಿ. ತೊಡೆಯ ಕೀಲಿನ ಹತ್ತಿರ ಕತ್ತರಿ ಕಚ್ಚಿಕೊಳ್ಳುತ್ತದೆ. ಅಲ್ಲಿ ಜೋರು ಮಾಡಬೇಡಿ, ಒಂದು ಚೂರು ಒಳಗೆ ಸರಿಸಿದರೆ ದಾರಿ ಸಿಗುತ್ತದೆ. ಬೆನ್ನುಮೂಳೆ ಬಂದ ಮೇಲೆ ಹಕ್ಕಿಯನ್ನು ಮಗುಚಿ, ಎದೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ. ಲಟಕ್ ಅನ್ನಬೇಕು. ಹೀಗೆ ಚಪ್ಪಟೆಯಾದರೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಟ್ಟಿಗೆ ಬೇಯುತ್ತದೆ. ಇಡೀ ಹಕ್ಕಿಯನ್ನು ಹಾಗೇ ಬೇಯಿಸಿ ಒಣಗಿದ ಎದೆಮಾಂಸ ತಿನ್ನುವುದು ಯಾವ ಸುಖಕ್ಕೆ ಹೇಳಿ?

ಉಪ್ಪು ಹಾಕುವ ಮೊದಲು ಲೇಬಲ್ ಓದಿ. ಉಪ್ಪುನೀರು ಸೇರಿಸಿದೆ ಅಂತ ಬರೆದಿದ್ದರೆ ಮತ್ತೆ ಉಪ್ಪು ಬೇಡ. ಇಲ್ಲದಿದ್ದರೆ ಪೌಂಡಿಗೆ ಅರ್ಧ ಟೀ ಚಮಚ ಪುಡಿಯುಪ್ಪು ಸಾಕು. ನಾನು ಜೊತೆಗೆ ತರಿತರಿಯಾಗಿ ಕುಟ್ಟಿದ ಕರಿಮೆಣಸು, ಹುರಿದ ಧನಿಯಾ ಸವರುತ್ತೇನೆ. ರಾತ್ರಿಯಿಡೀ ಮುಚ್ಚದೆ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಇಡಿ, ಚರ್ಮ ಒಣಗಲಿ.

ಗ್ರಿಲ್‌ನ ಒಂದು ಬದಿಗೆ ಮಾತ್ರ ಕೆಂಡ. ಇನ್ನೊಂದು ಬದಿಯಲ್ಲಿ ಸ್ವಲ್ಪ ನೀರಿನ ತಟ್ಟೆ, ಅದರ ಮೇಲೆ ಜಾಲರಿಯಲ್ಲಿ ಹಕ್ಕಿ, ಕಾಲು ಕೆಂಡದ ಕಡೆಗೆ. ಮುಷ್ಟಿಯಷ್ಟು ದಪ್ಪದ ಎರಡು ಪೆಕಾನ್ ಮರದ ತುಂಡು ಕೆಂಡಕ್ಕಿಡಿ. ಪೆಕಾನ್ ಇಲ್ಲಿನ ರಾಜ್ಯಮರ, ಸುಲಭವಾಗಿ ಸಿಗುತ್ತದೆ. ಆಪಲ್, ಚೆರ್ರಿ ಕೂಡ ಚೆನ್ನ. ಮೆಸ್ಕೀಟ್ ಮರ ಬೇಡ, ಕೋಳಿಗೆ ಅದರ ಘಾಟು ಜಾಸ್ತಿ. ತುಂಡುಗಳನ್ನು ನೀರಲ್ಲಿ ನೆನೆಸುವುದೂ ಬೇಡ, ಮೊದಲು ಬರುವುದು ಬರೀ ಹಬೆ.

ಶುರುವಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ. ಆಗ ಹಕ್ಕಿ ಇಟ್ಟರೆ ಕಹಿ. ಹೊಗೆ ತೆಳುವಾಗಿ, ನೀಲಿಯೋ ಅಲ್ಲವೋ ಅನ್ನುವ ಹಾಗಾದಾಗ ಇಟ್ಟು ಮುಚ್ಚಿ. ಮುಚ್ಚಳದ ಕಿಂಡಿ ಹಕ್ಕಿಯ ನೇರಕ್ಕೆ ಬರಲಿ, ಹೊಗೆ ಅದರ ಮೇಲೆ ಹಾದು ಹೋಗುತ್ತದೆ. ಒಳಗಿನ ಬಿಸಿ 300ರಿಂದ 325 ಡಿಗ್ರಿ ಫ್ಯಾರನ್‌ಹೀಟ್ ಇರಲಿ. 225ರಲ್ಲಿ ನಿಧಾನಕ್ಕೆ ಬೇಯಿಸಿ ಅನ್ನುವವರಿದ್ದಾರೆ. ಅವರ ಟರ್ಕಿಯ ಚರ್ಮ ರಬ್ಬರ್. ಮಾಂಸಕ್ಕೆ ಹೊಗೆ ಹತ್ತಲು ಈ ಬಿಸಿಯೇ ಸಾಕು.

ಎರಡರಿಂದ ಎರಡೂವರೆ ಗಂಟೆ ಹಿಡಿಯಬಹುದು. ನಡುವೆ ಒಮ್ಮೆ ನಾಲ್ಕಾರು ಇದ್ದಿಲು ಸೇರಿಸಿ. ಸುಮ್ನೆ ಮುಚ್ಚಳ ತೆಗೆದು ನೋಡುತ್ತಿರಬೇಡಿ. ಗಡಿಯಾರ ಬಿಟ್ಟು ಥರ್ಮಾಮೀಟರ್ ನಂಬಿ: ತೊಡೆಯಲ್ಲೂ ಎದೆಯ ದಪ್ಪ ಭಾಗದಲ್ಲೂ, ಮೂಳೆಗೆ ತಾಗದಂತೆ ಚುಚ್ಚಿದಾಗ 165 ಡಿಗ್ರಿ, ಅಂದರೆ 74 ಸೆಲ್ಸಿಯಸ್ ತೋರಿಸಬೇಕು. ಅಷ್ಟಾದರೆ ಹೊರಪದರದ ಮಾಂಸ ಗುಲಾಬಿಯಾಗಿ ಕಂಡರೂ ಬೆಂದಿದೆ, ಅದು ಹೊಗೆಯ ಬಣ್ಣ. ನಮ್ಮವರು ಇದನ್ನು ನೋಡಿಯೇ ಮುಖ ಸಿಂಡರಿಸುವುದು, ಅಲ್ವಾ?

ಇಪ್ಪತ್ತು ನಿಮಿಷ ಬಿಟ್ಟು ಕತ್ತರಿಸಿ. ಮಿಕ್ಕಿದ್ದು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ, ಮೂರು–ನಾಲ್ಕು ದಿನದಲ್ಲಿ ಮುಗಿಸಿ. ಬೆನ್ನುಮೂಳೆ, ಕತ್ತು ಎಸೆಯಬೇಡಿ. ಬೆಳ್ಳುಳ್ಳಿ, ಜೀರಿಗೆ, ಮೆಣಸು ಹಾಕಿ ಕುದಿಸಿದರೆ ಭಾನುವಾರಕ್ಕೆ ಒಳ್ಳೆಯ ಸಾರು.