ಹಳೆಯ ಪೊಲೀಸ್ ರಿವಾಲ್ವರ್: ಯಾವ ನಂಬರ್ ಓದಬೇಕು, ಯಾವುದನ್ನು ಬಿಡಬೇಕು

ಅಮೆರಿಕದ ಹಳೆಯ ಪೊಲೀಸ್ ರಿವಾಲ್ವರ್ ಸಂಗ್ರಹಿಸಲು ಹೊರಟವರು ಬಹುಪಾಲು ಒಂದೇ ಕಡೆ ಎಡವುತ್ತಾರೆ. ಸೀರಿಯಲ್ ನಂಬರ್ ಅಂದುಕೊಂಡು ಬೇರೆ ಯಾವುದೋ ನಂಬರ್ ಬರೆದುಕೊಳ್ಳುತ್ತಾರೆ. ನಾನೂ ಹಾಗೆ ಮಾಡಿದವನೇ. ಎರಡನೇ ಮಹಾಯುದ್ಧದ ನಂತರದ ರಿವಾಲ್ವರ್ ಅನ್ನು ಇಪ್ಪತ್ತನೇ ಶತಮಾನದ ಆರಂಭದ್ದು ಅಂತ ವರ್ಷಗಟ್ಟಲೆ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದೆ.

ಮೊದಲು ಕಾನೂನು. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಅಮೆರಿಕದ ಫೆಡರಲ್ ಲೆಕ್ಕದಲ್ಲಿ ‘ಆಂಟಿಕ್’. 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದದ್ದು ‘ಕ್ಯೂರಿಯೊ’. ಅದಕ್ಕೆ ಸಂಗ್ರಾಹಕರ ಲೈಸೆನ್ಸ್ ಬೇರೆ ಇದೆ. ರಾಜ್ಯದ ನಿಯಮ ಇನ್ನೂ ಬಿಗಿಯಾಗಿರಬಹುದು, ಕೇಳಿಕೊಳ್ಳಿ.

ಆಮೇಲೆ ಒಂದು ದಾರಿ ಹಿಡಿಯಿರಿ. ಕೋಲ್ಟ್ ಕಂಪನಿಯ ‘ಅಫಿಶಿಯಲ್ ಪೊಲೀಸ್’ 1927ರಲ್ಲಿ ಬಂತು, ಚೆಂದದ ರಿವಾಲ್ವರ್. ಆದರೆ ಹೊಸಬರು ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಮಿಲಿಟರಿ ಅಂಡ್ ಪೊಲೀಸ್’ನಿಂದಲೇ ಶುರು ಮಾಡಬೇಕು. 1899ರಲ್ಲಿ ಹುಟ್ಟಿದ್ದು, 1957ರಲ್ಲಿ ‘ಮಾಡೆಲ್ 10’ ಅಂತ ಹೆಸರು ಬದಲಾಯಿತು. ಲಕ್ಷಗಟ್ಟಲೆ ತಯಾರಾಗಿವೆ. ಹಾಗಾಗಿ ಕಲಿಯುವಾಗ ತಪ್ಪಿದರೂ ಜೇಬು ಜಾಸ್ತಿ ಸುಡುವುದಿಲ್ಲ.

ಈಗ ಕಷ್ಟದ ಕೆಲಸ. ಗುಂಡು ತುಂಬುವ ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿ ಎಲ್ಲ ತೂತೂ ಖಾಲಿಯೇ ಅಂತ ನೋಡಿ. ಎರಡು ಸಲ ನೋಡಿ. ಸಿಲಿಂಡರ್ ಹೊತ್ತ ತೋಳನ್ನು ಸ್ಮಿತ್‌ನವರು ‘ಯೋಕ್’ ಅನ್ನುತ್ತಾರೆ, ಕೋಲ್ಟ್‌ನವರು ‘ಕ್ರೇನ್’ ಅನ್ನುತ್ತಾರೆ. ಅದು ಕೂರುವ ಸಂದಿಯಲ್ಲಿ ಒಂದು ನಂಬರ್ ಕಾಣುತ್ತದೆ. ಎಲ್ಲರೂ ಬೀಳುವುದು ಇಲ್ಲೇ. ಹಳೆಯ ಸ್ಮಿತ್‌ನಲ್ಲಿ ಅದು ಬರೀ ಜೋಡಣೆಯ ನಂಬರ್. ಕಾರ್ಖಾನೆಯಲ್ಲಿ ಬಿಡಿಭಾಗಗಳು ಒಂದಕ್ಕೊಂದು ಬೆರೆಯದಿರಲಿ ಅಂತ ಹಾಕಿದ್ದು, ಇತಿಹಾಸಕ್ಕೆ ಉಪಯೋಗವಿಲ್ಲ. 1957ರ ನಂತರದ್ದಾದರೆ ಅಲ್ಲೇ ‘10-5’ ಥರ ಮಾಡೆಲ್ ನಂಬರೂ ಇರುತ್ತದೆ. ಅದೂ ಸೀರಿಯಲ್ ಅಲ್ಲ. ನಿಜವಾದ ನಂಬರ್ ಹಿಡಿಯ ತಳದಲ್ಲಿರುತ್ತದೆ. ಕೋಲ್ಟ್ ‘ಅಫಿಶಿಯಲ್ ಪೊಲೀಸ್’ನಲ್ಲಿ ಇದೇ ಉಲ್ಟಾ: ಆ ಸಂದಿಯಲ್ಲಿರುವುದೇ ಸೀರಿಯಲ್!

ಸ್ಮಿತ್‌ನಲ್ಲಿ ಸೀರಿಯಲ್ ನಂಬರಿಗೆ ಮೊದಲು ಬರುವ ಅಕ್ಷರ ಬಿಡಬೇಡಿ. ‘ವಿ’ ಇದ್ದರೆ ಎರಡನೇ ಮಹಾಯುದ್ಧದ ‘ವಿಕ್ಟರಿ’ ಮಾಡೆಲ್. ‘ಸಿ’ ಇದ್ದರೆ 1948ರಿಂದ ಈಚಿನದು. ಅಕ್ಷರ ಬಿಟ್ಟು ಬರೆದರೆ ಬೇರೆಯೇ ರಿವಾಲ್ವರಿನ ಜಾತಕ ಕೈಗೆ ಬರುತ್ತದೆ.

ಯುದ್ಧಕ್ಕೆ ಮುಂಚಿನ ಸ್ಮಿತ್ ಆದರೆ ಅದೇ ನಂಬರ್ ಸಿಲಿಂಡರಿನ ಹಿಂಬದಿಯಲ್ಲೂ ಬ್ಯಾರಲ್ ಕೆಳಗೂ ಇರಬೇಕು, ಜೊತೆಗೆ ಹಿಡಿಯ ಬಲಗಡೆಯ ಮರದ ಹಲಗೆಯ ಒಳಮೈಯಲ್ಲೂ. ಹಲಗೆ ಬಿಚ್ಚುವಾಗ ಚಾಕು ತೂರಿಸಿ ಎಬ್ಬಬೇಡಿ, ಅಂಚು ಚಕ್ಕೆ ಏಳುತ್ತದೆ. ಸ್ಕ್ರೂ ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯನ್ನು ಬೆರಳಿನಿಂದ ಒತ್ತಿ. ಎದುರಿನ ಹಲಗೆ ತಾನಾಗೇ ಬಿಡುತ್ತದೆ. ಮೊಂಡಾದ ಮನೆ ಸ್ಕ್ರೂಡ್ರೈವರ್ ಬೇಡ. ಸ್ಕ್ರೂವಿನ ಗೀಟಿಗೆ ಸರಿಯಾಗಿ ಕೂರುವಂಥದ್ದೇ ಬೇಕು. ಒಮ್ಮೆ ಗೀಟು ಕಿತ್ತುಹೋದರೆ ಮುಂದೆ ಕೊಳ್ಳುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಉಕ್ಕಿನ ಮೇಲಿನ ನೀಲಿ ಬಣ್ಣ ಮೂಲದ್ದೋ ಆಮೇಲಿನದ್ದೋ ಅಂತ ತಿಳಿಯಲು ಹ್ಯಾಮರ್, ಟ್ರಿಗರ್ ನೋಡಿ. ಸ್ಮಿತ್‌ನಲ್ಲಿ ಇವು ಮೋಡ ಹರಡಿದಂಥ ಬಣ್ಣದಲ್ಲಿರುತ್ತವೆ. ಇವೂ ಕಡು ನೀಲಿಯಾಗಿದ್ದರೆ ಯಾರೋ ಮತ್ತೆ ಬಣ್ಣ ಹಾಕಿಸಿದ್ದಾರೆ. ಲೋಹದ ಮೇಲೆ ಒತ್ತಿದ ಅಕ್ಷರ ಮಸುಕಾಗಿ ಸ್ಕ್ರೂ ತೂತಿನ ಅಂಚು ತಗ್ಗಾಗಿದ್ದರೂ ಅದೇ ಅರ್ಥ. ಹೋಲ್‌ಸ್ಟರಿಗೆ, ಅಂದರೆ ಸೊಂಟದ ಚರ್ಮದ ಚೀಲಕ್ಕೆ, ಉಜ್ಜಿ ಬ್ಯಾರಲ್ ತುದಿ ಸವೆದದ್ದೇ ನನಗೆ ಇಷ್ಟ, ಅದು ಡ್ಯೂಟಿ ಮಾಡಿದ ಗುರುತು. ಬಾಟಲಿಯಲ್ಲಿ ಸಿಗುವ ನೀಲಿ ಬಣ್ಣದ ದ್ರಾವಣ ಹಚ್ಚಬೇಡಿ, ತೇಪೆ ಹಾಕಿದ ಹಾಗೆ ಕಾಣುತ್ತದೆ. ನಿಕಲ್ ಲೇಪದ್ದಾದರೆ ಅಮೋನಿಯಾ ಇರುವ ಕ್ಲೀನರ್ ಹತ್ತಿರವೂ ತರಬೇಡಿ.

ನಂಬರ್ ಸರಿಯಾಗಿ ಸಿಕ್ಕ ಮೇಲೆ ಕಂಪನಿ ದಾಖಲೆಯ ಪತ್ರ ತರಿಸಿ. ಸ್ಮಿತ್‌ಗೂ ಕೋಲ್ಟ್‌ಗೂ ಈ ವ್ಯವಸ್ಥೆ ಇದೆ, ದುಡ್ಡು ಕಟ್ಟಬೇಕು. ರಿವಾಲ್ವರ್ ಯಾವತ್ತು, ಯಾರಿಗೆ ರವಾನೆಯಾಯಿತು ಅಂತ ಅದರಲ್ಲಿರುತ್ತದೆ. ಎಷ್ಟೋ ಸಲ ಸಿಗುವುದು ಸಗಟು ವ್ಯಾಪಾರಿಯ ಹೆಸರು ಅಷ್ಟೇ, ನಿರಾಸೆ ಬೇಡ. ಪೊಲೀಸ್ ಇಲಾಖೆಗಳು ಅಂಥವರಿಂದಲೂ ಕೊಳ್ಳುತ್ತಿದ್ದವು.

ಅಲ್ಲಿಂದ ಮುಂದೆ ಹಿಡಿಯ ಬೆನ್ನ ಪಟ್ಟಿಯಲ್ಲಿ ಇಲಾಖೆಯ ಅಕ್ಷರ ಅಥವಾ ಬ್ಯಾಡ್ಜ್ ನಂಬರ್ ಹುಡುಕಿ. ಆದರೆ ಹುಷಾರು: ಒಬ್ಬರು ನಿವೃತ್ತರಾದರೆ ಅದೇ ಬ್ಯಾಡ್ಜ್ ನಂಬರ್ ಇನ್ನೊಬ್ಬರಿಗೆ ಹೋಗಬಹುದು. ಆ ವರ್ಷದ ಸಿಬ್ಬಂದಿ ಪಟ್ಟಿ ಸಿಗುವವರೆಗೆ ಯಾರ ಹೆಸರನ್ನೂ ಅಂಟಿಸಬೇಡಿ. ಮಾರುವವರ ಕತೆಗಳಂತೂ ಬಿಡಿ. 1896ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ನ್ಯೂಯಾರ್ಕ್ ಪೊಲೀಸ್ ಮಂಡಳಿಯ ಅಧ್ಯಕ್ಷರಾಗಿದ್ದಾಗ ಅಲ್ಲಿಯವರು .32 ಕ್ಯಾಲಿಬರಿನ (ಗುಂಡಿನ ಅಳತೆ) ಕೋಲ್ಟ್ ‘ನ್ಯೂ ಪೊಲೀಸ್’ ಆರಿಸಿಕೊಂಡದ್ದು ನಿಜ. ಅಂದಮಾತ್ರಕ್ಕೆ ಹಳೆಯ .32 ಎಲ್ಲವೂ ಆ ಕಾಲದ ನ್ಯೂಯಾರ್ಕಿನದ್ದಾಗುತ್ತದಾ?

ಇಡುವಾಗ ಒಂದೇ ಮಾತು. ರಿವಾಲ್ವರ್ ಹೋಲ್‌ಸ್ಟರ್ ಒಳಗೆ ಬೇಡ, ಚರ್ಮ ತೇವ ಹಿಡಿದು ತುಕ್ಕು ತರಿಸುತ್ತದೆ. ಹೋಲ್‌ಸ್ಟರ್ ಪಕ್ಕದಲ್ಲಿಟ್ಟು, ಅದಕ್ಕೂ ಅದೇ ಸೀರಿಯಲ್ ನಂಬರ್ ಬರೆದ ಚೀಟಿ ಕಟ್ಟಿ. ಅಕ್ಷರದ ಸಮೇತ.