ಪೆಟ್ಟಿಗೆ ಮೈಗೆ ರೇಷ್ಮೆ ಜುಬ್ಬಾ

ಕಳೆದ ಅಕ್ಟೋಬರ್‌ನಲ್ಲಿ ಅಕ್ಕನ ಮಗಳು ಒಂದು ಬೇಡಿಕೆ ಇಟ್ಟಳು. ರೋಬ್ಲಾಕ್ಸ್ ಆಟದಲ್ಲಿರುವ ತನ್ನ ಅವತಾರಕ್ಕೆ ನವೆಂಬರ್ 1ರಂದು ತೊಡಿಸಲು ಹಳದಿ-ಕೆಂಪಿನ ರೇಷ್ಮೆ ಜುಬ್ಬಾ ಬೇಕು. ಬೆಂಗಳೂರಿನಲ್ಲಿ ಪುಸ್ತಕಗಳಿಗೆ ಪುಟವಿನ್ಯಾಸ ಮಾಡುವುದು ನನ್ನ ಕೆಲಸ. ಬಣ್ಣ, ಲೇಯರ್, ಬ್ರಷ್ ಯಾವುದೂ ಹೊಸದಲ್ಲ. ಒಂದೇ ಸಂಜೆ ಕೂತು ಹಳದಿ ತುಂಬಿ, ಕೊರಳಿಗೆ ಕೆಂಪು ಅಂಚು ಎಳೆದು ಕೊಟ್ಟೆ. ಅವಳು ಗೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮಾಮ, ಇದು ಬಟ್ಟೆ ಹಾಕಿದ ಹಾಗಿಲ್ಲ, ಮೈಗೆ ಬಣ್ಣ ಬಳಿದ ಹಾಗಿದೆ” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಅಲ್ಲಿನ ಹಳೆಯ ಮಾದರಿಯ ಅಂಗಿ ಎಂದರೆ 585×559 ಪಿಕ್ಸೆಲ್‌ನ ಒಂದೇ ಚಿತ್ರ. ಎದೆಗೂ ಬೆನ್ನಿಗೂ 128×128ರ ಚೌಕ. ಪಕ್ಕೆಗಳಿಗೆ ಮತ್ತು ತೋಳಿನ ನಾಲ್ಕೂ ಮುಖಗಳಿಗೆ 64×128ರ ಪಟ್ಟಿ. ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ನೆಲಕ್ಕೆ ಹರಡಿದ ಹಾಗಿರುತ್ತದೆ. ಅದನ್ನು ಆಟವೇ ಮಡಚಿ ಮೈಗೆ ಅಂಟಿಸುತ್ತದೆ. ಬಟ್ಟೆಗೆ ತನ್ನದೆಂಬ ದಪ್ಪವಿಲ್ಲ, ಉಬ್ಬುತಗ್ಗಿಲ್ಲ. ಇರುವುದನ್ನೆಲ್ಲ ಬಣ್ಣದಲ್ಲಿಯೇ ತೋರಿಸಬೇಕು.

ಮರುದಿನ ಕಪ್ಪು ಬ್ರಷ್ ಹಿಡಿದು ಅಲ್ಲಲ್ಲಿ ಸುಕ್ಕುಗಳನ್ನು ಎಳೆದೆ. ಜುಬ್ಬಾಕ್ಕೆ ಕೊಳೆ ಮೆತ್ತಿದಂತಾಯಿತು. ಗೆರೆಗಳನ್ನು ತೆಳುವಾಗಿಸಿದರೆ ಗೋಡೆಯ ಬಿರುಕಿನಂತೆ ಕಂಡವು. ಎಲ್ಲಿ ತಪ್ಪುತ್ತಿದೆ ಎಂಬುದು ಎರಡು ರಾತ್ರಿ ಕೂತರೂ ಹೊಳೆಯಲಿಲ್ಲ.

ಹೊಳೆದದ್ದು ಮಲ್ಲೇಶ್ವರದಲ್ಲಿ, ನಮ್ಮ ಬೀದಿಯ ಇಸ್ತ್ರಿ ಗಾಡಿಯ ಮುಂದೆ. ನನ್ನದೇ ಅಂಗಿಯ ತೋಳನ್ನು ಹರಡಿ, ಆತ ಎಲ್ಲಕ್ಕಿಂತ ಮೊದಲು ಮೊಣಕೈಯ ಒಳಭಾಗಕ್ಕೆ ನೀರು ಚಿಮುಕಿಸಿದ. ಅಲ್ಲೇ ಏಕೆ ಎಂದು ಕೇಳಿದೆ. “ಇಲ್ಲಿ ತಾನೇ ಸಾರ್ ಕೈ ಮಡಚುವುದು? ದಿನವೂ ಅದೇ ಜಾಗ. ನೀರು ಕುಡಿಯದೆ ಈ ಸುಕ್ಕು ಬಿಡುವುದಿಲ್ಲ” ಎಂದ. ಬಗ್ಗಿ ನೋಡಿದೆ. ಸುಕ್ಕುಗಳೆಲ್ಲ ಒಳಮೊಣಕೈಯ ಒಂದೇ ತಾವಿನಿಂದ ಹೊರಟು, ಬೀಸಣಿಗೆಯ ಕಡ್ಡಿಗಳಂತೆ ಹರಡಿ, ಹೊರಮೈಗೆ ಬರುವಷ್ಟರಲ್ಲಿ ಅಳಿಸಿಹೋಗಿದ್ದವು. ಕಂಕುಳಿನಿಂದ ಎದೆಯ ಕಡೆಗೆ ಮೂರು ಗೆರೆ. ಬೆನ್ನಿನ ಕೆಳಗೆ, ಕುರ್ಚಿಗೆ ಒರಗುವಲ್ಲಿ, ಅಡ್ಡ ಮಡಿಕೆಗಳು. ಗುಂಡಿಯಿಂದ ಗುಂಡಿಗೆ ಬಟ್ಟೆ ಜೋಳಿಗೆಯ ಹಾಗೆ ಸ್ವಲ್ಪ ಜೋತಿತ್ತು. ಪ್ರತಿಯೊಂದು ಸುಕ್ಕಿಗೂ ಹುಟ್ಟುವ ಜಾಗವಿತ್ತು, ಸಾಯುವ ಜಾಗವಿತ್ತು. ನಾನು ಎಳೆದಿದ್ದ ಸುಕ್ಕುಗಳಿಗೆ ಎರಡೂ ಇರಲಿಲ್ಲ.

ಮನೆಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಆ ಬಿಚ್ಚಿದ ಪೆಟ್ಟಿಗೆಯ ಟೆಂಪ್ಲೇಟನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡೆ: 2340×2236. ಬಟ್ಟೆ ಎಲ್ಲೆಲ್ಲಿ ಸಿಕ್ಕಿಕೊಂಡಿರುತ್ತದೋ ಅಲ್ಲಿ, ಅಂದರೆ ಹೆಗಲು, ಕಂಕುಳು, ಮೊಣಕೈ, ಗುಂಡಿಗಳಲ್ಲಿ, ಬೇರೆ ಲೇಯರ್‌ನಲ್ಲಿ ಒಂದೊಂದು ಚುಕ್ಕೆ ಇಟ್ಟೆ. ಚುಕ್ಕೆಯಿಂದ ಹೊರಡದ ಸುಕ್ಕನ್ನು ಬಿಡಿಸಲೇಬಾರದು ಎಂದು ನಿಯಮ ಮಾಡಿಕೊಂಡೆ. ಇವತ್ತಿಗೂ ಅದನ್ನು ಮುರಿದಿಲ್ಲ.

ಇನ್ನು ಬಿಡಿಸುವ ಬಗೆ. ಸುಕ್ಕು ಎಂದರೆ ಗೆರೆಯಲ್ಲ, ಸಣ್ಣ ಏರಿ. ಅದರ ಒಂದು ಮಗ್ಗುಲಲ್ಲಿ ನೆರಳು ಥಟ್ಟನೆ ಕಡಿದುಹೋಗುತ್ತದೆ, ಇನ್ನೊಂದು ಮಗ್ಗುಲಲ್ಲಿ ನಿಧಾನವಾಗಿ ಕರಗುತ್ತದೆ. ಹಾಗಾಗಿ ಮೆತ್ತನೆಯ ಬ್ರಷ್‌ನಿಂದ ಅಗಲವಾಗಿ ನೆರಳು ಬಳಿದು, ಒಂದೇ ಅಂಚನ್ನು ಗಟ್ಟಿ ರಬ್ಬರ್‌ನಿಂದ ಒರೆಸುತ್ತೇನೆ. ಎರಡೂ ಅಂಚು ಮೆತ್ತಗಾದರೆ ಹೊಗೆ, ಎರಡೂ ಗಟ್ಟಿಯಾದರೆ ಪಟ್ಟೆ. ನೆರಳಿನ ಲೇಯರ್, ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿರುತ್ತದೆ, ಆದರೆ ಅದಕ್ಕೆ ಬೂದು ಬಣ್ಣವನ್ನಾಗಲಿ ಕಪ್ಪನ್ನಾಗಲಿ ತುಂಬಬಾರದು. ಹಳದಿಗೆ ಕಪ್ಪು ಬೆರೆತರೆ ಪಾಚಿಯಂಥ ಹಸಿರು ಇಣುಕುತ್ತದೆ. ನನ್ನ ಮೊದಲ ಜುಬ್ಬಾ ಕೊಳಕಾಗಿ ಕಂಡದ್ದಕ್ಕೆ ಇದೂ ಕಾರಣ. ಇಟ್ಟಿಗೆ ಕೆಂಪಿನ ಕಡೆಗೆ ವಾಲುವ ಕಂದು ಹಾಕಿದ ಕೂಡಲೇ ಹಳದಿಗೆ ಜೀವ ಬಂತು.

ಬೆಳಕನ್ನು ಎಡದಿಂದಲೋ ಬಲದಿಂದಲೋ ಬೀಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಗೊಂಬೆ ತಿರುಗುತ್ತದೆ, ಓಡುತ್ತದೆ. ಆಟದೊಳಗೆ ಅದರದೇ ಸೂರ್ಯನೂ ಇರುತ್ತಾನೆ. ಎರಡು ಬೆಳಕು ಎದುರಾಬದುರಾಗಿ ನಿಂತರೆ ಕಣ್ಣು ಯಾವುದನ್ನೂ ನಂಬುವುದಿಲ್ಲ. ಮೇಲಿನಿಂದ ಬೀಳುವ ಮಂದ ಬೆಳಕು, ಕೊರಳ ಪಟ್ಟಿಯ ಕೆಳಗೆ, ಕಂಕುಳಲ್ಲಿ, ಮಡಿಕೆಯ ಒಳಗೆ ನಿಲ್ಲುವ ನೆರಳು, ಇಷ್ಟೇ ಸಾಕು.

ಇಷ್ಟಾದರೂ ಅದು ಒಳ್ಳೆಯ ಹತ್ತಿ ಜುಬ್ಬಾ, ರೇಷ್ಮೆಯಲ್ಲ. ಒಂದು ಭಾನುವಾರ ಚಿಕ್ಕಪೇಟೆಗೆ ಹೋಗಿ ಸೀರೆ ಅಂಗಡಿಯೊಂದರಲ್ಲಿ ಕುಳಿತೆ. ಅಂಗಡಿಯಾತ ಒಂದು ರೇಷ್ಮೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿದ. ಹಳದಿಯಾಗಿದ್ದದ್ದು ಕೆಂಪಾಯಿತು. ಉದ್ದಕ್ಕೆ ಹೋಗುವ ಹಾಸಿನಲ್ಲಿ ಹಳದಿ ನೂಲು, ಅಡ್ಡಕ್ಕೆ ಹೋಗುವ ಹೊಕ್ಕಿನಲ್ಲಿ ಕೆಂಪು ನೂಲು. ನಿರಿಗೆಯ ಒಂದು ಮಗ್ಗುಲು ಹಾಸಿನ ಬಣ್ಣ ತೋರಿದರೆ ಇನ್ನೊಂದು ಮಗ್ಗುಲು ಹೊಕ್ಕಿನ ಬಣ್ಣ ತೋರುತ್ತಿತ್ತು. ಹಾಸುಹೊಕ್ಕು ಎಂಬ ಮಾತನ್ನು ಎಷ್ಟು ಸಲ ಬರೆದಿದ್ದೇನೋ; ಕಣ್ಣಾರೆ ಕಂಡದ್ದು ಅಂದೇ. ನಾನು ನೆರಳು ಎಂದುಕೊಂಡಿದ್ದ ಕಡೆಯಲ್ಲೆಲ್ಲ ಇದ್ದದ್ದು ಎರಡನೆಯ ನೂಲು.

ಅಂದು ರಾತ್ರಿ ಮಡಿಕೆಗಳ ಕಡಿದಾದ ಮಗ್ಗುಲಿಗೆಲ್ಲ ಕೆಂಪು ತುಂಬಿದೆ, ಕಂದನ್ನು ತೀರಾ ಆಳದ ತಗ್ಗುಗಳಿಗೆ ಮಾತ್ರ ಉಳಿಸಿದೆ. ಏರಿಯ ನೆತ್ತಿಯ ಮೇಲೆ ಕೂದಲೆಳೆಯಷ್ಟು ಸಣ್ಣ, ಹೆಚ್ಚು ಕಡಿಮೆ ಬಿಳಿಯ ಬೆಳಕು. ರೇಷ್ಮೆಯ ಹೊಳಪು ಕಿರಿದು, ತೀಕ್ಷ್ಣ. ಹತ್ತಿಯದು ಅಗಲ, ಮಂಕು. ಜರಿ ಅಂಚನ್ನು ಬೇರೆ ಲೇಯರ್‌ನಲ್ಲಿಟ್ಟೆ. ಆದರೆ ಮಡಿಕೆ ಹಾಯುವಲ್ಲಿ ಅಂಚೂ ಅದರ ಜೊತೆಗೇ ಬಾಗಬೇಕು; ನೆಟ್ಟಗೆ ಹೋದರೆ ಮೇಲೆ ಅಂಟಿಸಿದ ಪಟ್ಟಿಯೇ ಸರಿ.

ಕೊನೆಗೆ 585×559ಕ್ಕೆ ಇಳಿಸಿದಾಗ ಅರ್ಧ ಸುಕ್ಕುಗಳು ಒಂದರೊಳಗೊಂದು ಕಲೆಸಿಹೋದವು. ತೋಳಿನ ಒಂಬತ್ತರಲ್ಲಿ ಆರನ್ನು ಅಳಿಸಿದೆ. ಉಳಿದ ಮೂರು ಎದ್ದು ಕಂಡವು. ಎದೆಯಿಂದ ಪಕ್ಕೆಗೆ ದಾಟುವ ಮಡಿಕೆ ಅಂಚಿನಲ್ಲಿ ಒಂದು ಪಿಕ್ಸೆಲ್ ಜಾರಿದ್ದರೂ ಗೊಂಬೆಯ ಮೈ ಹರಿದಂತೆ ಕಾಣುತ್ತದೆ. ಅದನ್ನು ಆಟ ಕಟ್ಟುವ ತಂತ್ರಾಂಶವಾದ ರೋಬ್ಲಾಕ್ಸ್ ಸ್ಟುಡಿಯೋದಲ್ಲಿ ತಿರುಗಿಸಿ ನೋಡುತ್ತ, ಕೈಯಿಂದಲೇ ಸರಿಪಡಿಸಿದೆ. ಬಟ್ಟೆಯೇ ಮೂರು ಆಯಾಮದ್ದಾದರೆ ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ಗೊಂಬೆಯ ಮೇಲೆ ಇಳಿಬಿಟ್ಟು, ಸುಕ್ಕುಗಳು ತಾವಾಗಿ ಬಿದ್ದ ಮೇಲೆ ಆ ನೆರಳನ್ನು ಮೇಲೆ ಹೊದಿಸುವ ಚಿತ್ರಕ್ಕೆ, ಅಂದರೆ ಟೆಕ್ಸ್ಚರ್‌ಗೆ, ಅಚ್ಚೊತ್ತಬಹುದು (ಬೇಕ್ ಮಾಡಬಹುದು); ನಾನೂ ಮಾಡುತ್ತೇನೆ. ಆದರೆ 128 ಪಿಕ್ಸೆಲ್‌ನ ಎದೆಗೆ ಯಾವ ಮೂರು ಸುಕ್ಕು ಇರಬೇಕೆಂದು ಆರಿಸುವುದಕ್ಕೆ ಕಣ್ಣೇ ಬೇಕು.

ನವೆಂಬರ್ 1ರ ಬೆಳಿಗ್ಗೆ ಅವಳು ಗೊಂಬೆಯ ಕೈಯನ್ನು ಮೇಲೆತ್ತಿಸಿ, ಕಂಕುಳನ್ನು ಹತ್ತಿರದಿಂದ ನೋಡಿ, “ಇದು ಅಜ್ಜಿಯ ಸೀರೆಯ ಹಾಗಿದೆ” ಎಂದಳು. ಈಗ ಲಂಗ ಬೇಕಂತೆ. ಕಾಲುಗಳು ಎರಡು ಬೇರೆ ಬೇರೆ ಪೆಟ್ಟಿಗೆಗಳಾದ್ದರಿಂದ ನಡೆದಾಗ ಲಂಗ ನಡುವೆ ಸೀಳುತ್ತದೆ. ಸೀಳು ಬೀಳುವಲ್ಲಿ ಆಳವಾದ ನಿರಿಗೆಯ ನೆರಳನ್ನೇ ಇಟ್ಟರೆ ಮರೆಯಾಗಬಹುದು ಎಂದುಕೊಂಡು, ಅಮ್ಮನ ಸೀರೆಯೊಂದನ್ನು ಕಿಟಕಿಯ ಪಕ್ಕದ ಕುರ್ಚಿಗೆ ನಿರಿಗೆ ಹಿಡಿದು ಇಳಿಬಿಟ್ಟಿದ್ದೇನೆ.